ಎರಡು ಕೋರ್ಟು, 412 ಮನೆ

ರಾತ್ರಿ ಸರಿಯಾಗಿ ಒಂಬತ್ತು ಗಂಟೆ. ಒಲೆ ಮೇಲೆ ಕುಕ್ಕರ್ ಮೂರನೇ ವಿಷಲ್ ಹಾಕ್ತಿದ್ರೂ ನನ್ನ ಕಣ್ಣು ಫೋನ್ ಮೇಲೆ. ನಮ್ಮ ಅಪಾರ್ಟ್‌ಮೆಂಟಿನ ಆ್ಯಪ್‌ನಲ್ಲಿ ಮರುದಿನದ ಟೆನಿಸ್ ಕೋರ್ಟ್ ಬುಕಿಂಗ್ ತೆರೆಯೋದು ಆಗಲೇ. 9:00ಕ್ಕೆ ಒತ್ತಿದ್ರೆ ಚಕ್ರ ತಿರುಗ್ತಾ ನಿಲ್ಲುತ್ತೆ. 9:01ಕ್ಕೆ ಎಲ್ಲಾ ಚೌಕಗಳೂ ಬೂದು ಬಣ್ಣ. ತತ್ಕಾಲ್ ಟಿಕೆಟ್‌ಗೆ ಕಾದು ಕೂತವರಿಗೆ ಈ ಸಂಕಟವನ್ನ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಜಾಪುರ ರಸ್ತೆ ಕಡೆ ನಮ್ಮದು ದೊಡ್ಡ ಗೇಟೆಡ್ ಕಮ್ಯುನಿಟಿ. ಮನೆ ಕೊಳ್ಳುವಾಗ ಕೊಟ್ಟ ಬ್ರೋಷರ್‌ನಲ್ಲಿ ಬಿಳಿ ಸ್ಕರ್ಟಿನ ಹುಡುಗಿಯೊಬ್ಬಳು ಸರ್ವ್ ಮಾಡುವ ಚಿತ್ರ ಇತ್ತು. ಮೂರು ವರ್ಷದಲ್ಲಿ ಆ ಕೋರ್ಟಿಗೆ ನಾನು ಕಾಲಿಟ್ಟಿದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಗಣೇಶನ ಹಬ್ಬಕ್ಕೆ ಕುರ್ಚಿ ಎಣಿಸೋಕೆ!

ಕಳೆದ ವರ್ಷದ ಜನರಲ್ ಬಾಡಿ ಮೀಟಿಂಗಿನಲ್ಲಿ ಎದ್ದು ನಿಂತು, "ಮೇಂಟೆನೆನ್ಸ್ ಎಲ್ಲರೂ ಕಟ್ತೀವಿ, ಆಡೋರು ಮಾತ್ರ ಅದೇ ನಾಲ್ಕು ಜನ ಯಾಕೆ?" ಅಂತ ಕೇಳಿಬಿಟ್ಟೆ. ಚಪ್ಪಾಳೆ ಬಂತು. ಅದರ ಹಿಂದೆಯೇ ಅಧ್ಯಕ್ಷರ ದನಿಯೂ ಬಂತು: "ಹಾಗಾದ್ರೆ ಟೆನಿಸ್ ಪ್ರೋಗ್ರಾಮ್ ನೀವೇ ನೋಡ್ಕೊಳ್ಳಿ ಮೇಡಂ." ನಮ್ಮಲ್ಲಿ ಬಾಯಿ ಬಿಟ್ಟವರ ಕೊರಳಿಗೇ ಗಂಟೆ. "ಊರ ಉಸಾಬರಿ ನಿನಗ್ಯಾಕೆ?" ಅಂತ ನಮ್ಮನೆಯವರು ಆವತ್ತು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಹಾಸನದ ಕಾಲೇಜಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದ್ದೆ. ಟೆನಿಸ್ ಅಂದ್ರೆ ಟಿವಿಯಲ್ಲಿ ನೋಡಿದ್ದಷ್ಟೇ.

ಕೆಲಸದಲ್ಲಿ ನಾನು ಡೇಟಾದವಳು. ಹಾಗಾಗಿ ಮೊದಲು ಎಕ್ಸೆಲ್ ತೆಗೆದೆ. ಒಂದು ಕೋರ್ಟಿಗೆ ಬೆಳಿಗ್ಗೆ ಮೂರು ಗಂಟೆ, ಸಂಜೆ ನಾಲ್ಕು ಗಂಟೆ. ಎರಡು ಕೋರ್ಟಿಗೆ ದಿನಕ್ಕೆ 14 ಸ್ಲಾಟ್, ವಾರಕ್ಕೆ 98. ಮಕ್ಕಳ ಕೋಚಿಂಗಿಗೆ 10 ಹೋದ್ರೆ ಉಳಿಯೋದು 88. ಪ್ರತಿ ಸ್ಲಾಟಲ್ಲೂ ನಾಲ್ಕು ಜನ ಡಬಲ್ಸ್ ಆಡಿದ್ರೆ 352 ಜಾಗ. ನಮ್ಮಲ್ಲಿರೋದು 412 ಮನೆ. ಅಂದ್ರೆ ಮನೆಗೊಬ್ಬರು ವಾರಕ್ಕೊಮ್ಮೆ ಆಡ್ತೀನಿ ಅಂದ್ರೂ ಹೆಚ್ಚುಕಡಿಮೆ ಸಾಲುತ್ತೆ! ಆದ್ರೆ ಆ್ಯಪ್‌ನಿಂದ ಒಂದು ತಿಂಗಳ ಪಟ್ಟಿ ತೆಗೆಸಿದಾಗ ಮುಕ್ಕಾಲು ಪಾಲು ಬುಕಿಂಗ್ ಇದ್ದದ್ದು 19 ಫ್ಲ್ಯಾಟ್‌ಗಳ ಹೆಸರಲ್ಲಿ. ಮದುವೆ ಮನೆ ಊಟದಲ್ಲಿ ಮೊದಲನೇ ಪಂಕ್ತಿಯವರು ಎದ್ದೇಳದೆ ಎರಡನೇ ಪಂಕ್ತಿಗೂ ಅವರೇ ಕೂತ ಹಾಗಿತ್ತು.

ಆ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದದ್ದು ಆರು ಗಂಟೆ ಅಂಕಲ್. ನಿವೃತ್ತ ಬ್ಯಾಂಕ್ ಮ್ಯಾನೇಜರ್, ವಯಸ್ಸು 68. ವಾರದಲ್ಲಿ ಆರು ದಿನ ಬೆಳಿಗ್ಗೆ ಆರಕ್ಕೆ ಒಂದನೇ ಕೋರ್ಟಲ್ಲಿ ಅವರು, ಜೊತೆಗೆ ಅವರದೇ ವಯಸ್ಸಿನ ಮೂವರು. "ನಮ್ಮ ಕೊಡಗಿನ ಬೋಪಣ್ಣ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ. ನಾವಿನ್ನೂ ಪ್ರಾಕ್ಟೀಸ್‌ನಲ್ಲಿದೀವಿ" ಅಂತ ಸಿಕ್ಕವರಿಗೆಲ್ಲ ಹೇಳ್ತಿದ್ರು. 2024ರ ಜನವರಿಯಿಂದ ಕೇಳಿ ಕೇಳಿ ಆ ಜೋಕು ನಮಗೆಲ್ಲ ಬಾಯಿಪಾಠ ಆಗಿತ್ತು.

ಮೇ ತಿಂಗಳಲ್ಲಿ ಹೊಸ ನಿಯಮ ಬಂತು. ಒಂದು ಮನೆಗೆ ವಾರಕ್ಕೆ ಎರಡೇ ಬುಕಿಂಗ್. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು ಬುಕಿಂಗೇ ಇಲ್ಲ, ಎರಡೂ ಕೋರ್ಟು ಬಂದವರಿಗೆಲ್ಲ. ರಾಕೆಟ್ ಇಲ್ಲದಿದ್ರೂ ಪರವಾಗಿಲ್ಲ, ಶೂ ಇದ್ರೆ ಸಾಕು.

ಈ ಭಾನುವಾರದ ವಿಷಯ ಸ್ವಲ್ಪ ಹೇಳಲೇಬೇಕು, ನಿಮ್ಮ ಅಪಾರ್ಟ್‌ಮೆಂಟಿಗೂ ಉಪಯೋಗಕ್ಕೆ ಬರಬಹುದು. ಹೊಸಬರು ಟೆನಿಸ್ ಬಿಡೋದು ಆಸಕ್ತಿ ಇಲ್ಲದೆ ಅಲ್ಲ, ಚೆಂಡು ಕೈಗೆ ಸಿಗದೆ. ಹಳದಿ ಚೆಂಡು ನೆಲಕ್ಕೆ ಬಿದ್ದು ಭುಜದ ಮೇಲೆ ಹಾರಿಹೋಗುತ್ತೆ. ಆಡಿದ್ದಕ್ಕಿಂತ ಹೆಕ್ಕಿದ್ದೇ ಜಾಸ್ತಿ. ಅದಕ್ಕೇ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2007ರಲ್ಲಿ 'ಪ್ಲೇ ಆ್ಯಂಡ್ ಸ್ಟೇ' ಅನ್ನೋ ಅಭಿಯಾನ ಶುರು ಮಾಡ್ತು. ಅದರಲ್ಲಿ ಮೂರು ಬಗೆಯ ನಿಧಾನದ ಚೆಂಡು: ಕೆಂಪು, ಕಿತ್ತಳೆ, ಹಸಿರು. ಕೆಂಪು ಚೆಂಡು ಮಾಮೂಲಿ ಚೆಂಡಿಗಿಂತ ಸುಮಾರು 75% ನಿಧಾನ, ಕಿತ್ತಳೆ 50%, ಹಸಿರು 25%. 2012ರಿಂದ ಹತ್ತು ವರ್ಷದೊಳಗಿನ ಮಕ್ಕಳ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡನ್ನ ಬಳಸೋ ಹಾಗೇ ಇಲ್ಲ.

ಕೆಂಪು ಚೆಂಡಿನ ಕೋರ್ಟಿನ ಉದ್ದ 36 ಅಡಿ. ದೊಡ್ಡ ಕೋರ್ಟಿನ ಡಬಲ್ಸ್ ಅಗಲವೂ 36 ಅಡಿ. ಹಾಗಾಗಿ ಒಂದು ಕೋರ್ಟನ್ನ ಅಡ್ಡಡ್ಡ ಹಂಚಿದ್ರೆ ನಾಲ್ಕು ಪುಟ್ಟ ಕೋರ್ಟು ಸಿಗುತ್ತೆ. ನೆಟ್ ಬದಲು ಎರಡು ಕುರ್ಚಿ ಮಧ್ಯೆ ಟೇಪು. ನಾಲ್ಕು ಜನ ಆಡೋ ಜಾಗದಲ್ಲಿ 16 ಜನ! 40-40 ಆದ್ರೆ ಡ್ಯೂಸ್ ಎಳೆಯೋದಿಲ್ಲ, ಮುಂದಿನ ಪಾಯಿಂಟ್ ಗೆದ್ದವರದ್ದೇ ಗೇಮ್. ಇಪ್ಪತ್ತು ನಿಮಿಷಕ್ಕೆ ವಿಷಲ್, ಜೋಡಿ ಬದಲು.

ಮೊದಲ ಭಾನುವಾರ 11 ಜನ. ಮೂರನೇ ಭಾನುವಾರ 34. ಚೂಡಿದಾರಕ್ಕೆ ಶೂ ಹಾಕ್ಕೊಂಡು ಬಂದ ಆಂಟಿಯೊಬ್ಬರು ಸತತವಾಗಿ ಒಂಬತ್ತು ಸಲ ಚೆಂಡನ್ನ ಆಚೆ ಕಳಿಸಿ, ಹತ್ತನೆಯದು ತಪ್ಪಿದಾಗ "ಅಯ್ಯೋ!" ಅಂದದ್ದು ನಾಲ್ಕನೇ ಮಹಡಿಗೆ ಕೇಳಿಸಿತ್ತು. ಆ ದಿನ ನಾನು ನೆಲದ ಮೇಲೆ ನಡೀತಿರಲಿಲ್ಲ.

ಅದೇ ವಾರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆರು ಗಂಟೆ ಅಂಕಲ್ ಒಂದು ಸಾಲು ಹಾಕಿದ್ರು: "ಹೊಸಬರಿಗೆ ಜಾಗ ಆಗಲಿ. ನಮಸ್ಕಾರ." ಆಮೇಲೆ ಗ್ರೂಪ್ ಬಿಟ್ಟರು. ಅವರ ಹಿಂದೆ ಆ ಮೂವರೂ ಹೋದರು. "ನೋಡಿ, ಈ ವಯಸ್ಸಲ್ಲೂ ಎಷ್ಟು ಈಗೋ!" ಅಂತ ನಮ್ಮನೆಯವರಿಗೆ ಫೋನ್ ತೋರಿಸಿದೆ. ಅವರು ಓದಿ ಏನೂ ಮಾತಾಡದೆ ಫೋನ್ ವಾಪಸ್ ಕೊಟ್ಟರು.

ಜೂನ್‌ನಲ್ಲಿ ಮಳೆ ಹಿಡೀತು. ಕೋರ್ಟಿನ ಮೂಲೆಗಳಲ್ಲಿ ನೀರು ನಿಲ್ಲೋಕೆ ಶುರು. ಬಿಸಿಲು ಬೀಳದ ಗೋಡೆ ಪಕ್ಕ ತೆಳ್ಳಗೆ ಹಸಿರು ಪಾಚಿ. ನೆಟ್ ನಡುವೆ ಜೋತುಬಿತ್ತು. ಹೊಸಬರಿಗೆ ಅದೂ ಖುಷಿಯೇ, ಚೆಂಡು ಸಲೀಸಾಗಿ ದಾಟುತ್ತಲ್ಲ! ಜುಲೈ ಮೊದಲ ಭಾನುವಾರ ಮೂರನೇ ಬ್ಲಾಕಿನ ಹುಡುಗಿಯೊಬ್ಬಳು ಹಿಂದಕ್ಕೆ ಓಡೋವಾಗ ಜಾರಿ ಬಿದ್ದಳು. ಕೈ ಊರಿದ ರಭಸಕ್ಕೆ ಮಣಿಕಟ್ಟು ಊದಿಕೊಂಡಿತು. ಎಕ್ಸ್‌ರೇ ಬರೋತನಕ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಅಮ್ಮನ ಪಕ್ಕ ಕೂತಿದ್ದೆ. ಅವರು ನನ್ನನ್ನ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ.

ವಾಪಸ್ ಬಂದವಳೇ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಮೇಲೆ ಹರಿಹಾಯ್ದೆ. ಆತ ಪಾಪ ತನ್ನ ಪಟ್ಟಿ ತೆಗೆದು ತೋರಿಸಿದ. "ಟೆನಿಸ್ ಕೋರ್ಟ್ ನಮ್ಮ ಲಿಸ್ಟಲ್ಲೇ ಇಲ್ಲ ಮೇಡಂ. ಐದೂವರೆಗೇ ಬಂದು ಆ ದೊಡ್ಡ ಸಾರೇ ನೀರು ತಳ್ತಿದ್ರು. ನಮ್ ಹುಡುಗ್ರು ಯಾರಾದ್ರೂ ಸಿಕ್ರೆ ಕರ್ಕೊಳ್ಳೋರು, ಟೀ ಕಾಸು ಅವ್ರೇ ಕೊಡೋರು."

ದೊಡ್ಡ ಸಾರು ಅಂದ್ರೆ ಯಾರು ಅಂತ ಕೇಳಬೇಕಾಗಿರಲಿಲ್ಲ. ಆ್ಯಪ್‌ನ ಪಟ್ಟಿಯಲ್ಲಿ ಯಾರು ಬುಕ್ ಮಾಡಿದ್ರು ಅನ್ನೋದು ಇತ್ತು. ಯಾರು ನೀರು ತಳ್ಳಿದ್ರು ಅನ್ನೋ ಕಾಲಮ್ ಇರಲಿಲ್ಲ. ನಾನು ಲೆಕ್ಕ ಹಾಕಿದ್ದು ಇದ್ದ ಕಾಲಮ್ಮಿನದ್ದು ಮಾತ್ರ.

ಸಂಜೆ ಅವರ ಮನೆ ಬೆಲ್ ಒತ್ತಿದೆ. ಆಂಟಿ ಬಾಗಿಲು ತೆಗೆದು, "ಬಾಮ್ಮಾ, ಕಾಫಿ ಕುಡೀತೀಯಲ್ಲ?" ಅಂದರು. ಕ್ಷಮೆ ಕೇಳಬೇಕು ಅಂತ ಲಿಫ್ಟಿನಲ್ಲಿ ಸಾಲುಗಳನ್ನ ಜೋಡಿಸಿಕೊಂಡಿದ್ದೆ. ಅಂಕಲ್ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ನಿನ್ನ ಲೆಕ್ಕ ತಪ್ಪಿಲ್ಲಮ್ಮಾ. ನಾವು ಜಾಸ್ತಿ ತಿಂತಿದ್ವಿ, ನಿಜ. ಬುಕಿಂಗ್ ಮಾಡ್ತಿದ್ದದ್ದು ನಾವೂ ಅಲ್ಲ, ನಮ್ಮಲ್ಲೊಬ್ಬರ ಮಗ. ನ್ಯೂಜೆರ್ಸಿಯಲ್ಲಿ ಆಗ ಬೆಳಿಗ್ಗೆ ಹನ್ನೊಂದೂವರೆ. ಆಫೀಸಲ್ಲಿ ಕೂತು ಒತ್ತೋನು." ನಗು ಬಂತು, ಇಬ್ಬರಿಗೂ.

ಆಮೇಲೆ ಅವರು ಹೇಳಿದ್ದನ್ನ ನಾನು ನಿರೀಕ್ಷಿಸಿರಲಿಲ್ಲ. "ಆರು ಗಂಟೆ ಅನ್ನೋದು ನಮಗೆ ಟೆನಿಸ್ ಅಲ್ಲಮ್ಮಾ, ಅಟೆಂಡೆನ್ಸ್. ಎರಡು ವರ್ಷದ ಹಿಂದೆ ನಮ್ಮಲ್ಲೊಬ್ಬರು ಬರಲಿಲ್ಲ. ಫೋನ್ ಎತ್ತಲಿಲ್ಲ. ಮೂವರೂ ಹೋಗಿ ಸೆಕ್ಯುರಿಟಿ ಹತ್ರ ಬಾಗಿಲು ತೆಗೆಸಿ ನೋಡಿದ್ರೆ ಬಾತ್‌ರೂಮಲ್ಲಿ ಬಿದ್ದಿದ್ರು. ಒಬ್ಬರೇ ಇರೋದು. ಆರು ಗಂಟೆ ಇಲ್ಲದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಈಗ ವಾರಕ್ಕೆ ಎರಡು ದಿನ ಅಂದ್ರೆ, ಬರದೇ ಇದ್ದೋರು ಯಾಕೆ ಬರಲಿಲ್ಲ ಅಂತ ಹೇಗೆ ತಿಳಿಯೋದು?"

ಕಾಫಿ ಆರಿಹೋಯ್ತು.

"ಹಾಗಂತ ವಾರವೆಲ್ಲ ನಮಗೇ ಕೊಡು ಅಂತ ಹೇಳ್ತಿಲ್ಲ" ಅಂತ ಎದ್ದು ಎರಡು ರಾಕೆಟ್ ತಗೊಂಡು, "ಬಾ, ನೆಟ್ ನೋಡೋಣ" ಅಂದರು.

ನೆಟ್‌ನ ಎತ್ತರ ಕಂಬದ ಹತ್ರ ಮೂರೂವರೆ ಅಡಿ, ನಡುವೆ ಮೂರಡಿ ಇರಬೇಕು. ಅಳತೆ ಟೇಪು ಬೇಕಿಲ್ಲ ಅಂತ ಅವರು ತೋರಿಸಿದ್ದು ಹೀಗೆ: ಒಂದು ರಾಕೆಟನ್ನ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಇನ್ನೊಂದರ ತಲೆಯನ್ನ ಅಡ್ಡಡ್ಡ ಇಡೋದು. ರಾಕೆಟ್ ಉದ್ದ 27 ಇಂಚು, ತಲೆಯ ಅಗಲ ಹತ್ತಿರ ಹತ್ತಿರ 9. ಒಟ್ಟು 36, ಮೂರಡಿ! ನಮ್ಮ ನೆಟ್ ಅದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಕಂಬದ ಹ್ಯಾಂಡಲ್ ತಿರುಗಿಸಿ ಬಿಗಿ ಮಾಡಿದರು. ನೀರು ನಿಂತ ಕಡೆ ಒಂದು ರೂಪಾಯಿ ನಾಣ್ಯ ಹಾಕಿ, "ಇದು ಮುಳುಗಿದ್ರೆ ಆ ಜಾಗ ತಗ್ಗಾಗಿದೆ ಅಂತ. ಬಣ್ಣದವರು ಬಂದಾಗ ಇದನ್ನೇ ತೋರಿಸು, ಇಲ್ಲಾಂದ್ರೆ ಮೇಲೆ ಬಳಿದು ಹೋಗ್ತಾರೆ" ಅಂದರು. ಒಂಬತ್ತು ವರ್ಷದ ಜ್ಞಾನ. ಯಾವ ಹ್ಯಾಂಡೋವರ್ ಫೈಲಲ್ಲೂ ಇರಲಿಲ್ಲ.

ಈಗ ಏನಾಗಿದೆ ಅಂದ್ರೆ, ಬೆಳಿಗ್ಗೆ ಆರರ ಒಂದನೇ ಕೋರ್ಟು ಅರವತ್ತು ದಾಟಿದವರಿಗೆ. ಬುಕಿಂಗ್ ಬೇಡ, ಆ್ಯಪ್ ಬೇಡ, ಎದ್ದು ಬಂದ್ರೆ ಸಾಕು. ಆದ್ರೆ ಅದು ಆ ನಾಲ್ವರದ್ದಲ್ಲ, ಎಲ್ಲ ಹಿರಿಯರದ್ದು. ಈಗ ಒಂಬತ್ತು ಜನ ಬರ್ತಾರೆ, ಮೂವರು ಹೆಂಗಸರು. ಸರದಿಯ ಮೇಲೆ ಆಟ, ಉಳಿದವರು ಬೆಂಚಿನ ಮೇಲೆ ಹರಟೆ. ಯಾರಾದ್ರೂ ಬರದಿದ್ರೆ ಆರೂಕಾಲಿಗೆ ಫೋನ್ ಹೋಗುತ್ತೆ. ಕೋರ್ಟು ಒರೆಸೋದು ಹೌಸ್‌ಕೀಪಿಂಗ್ ಪಟ್ಟಿ ಸೇರಿದೆ. ಪಾಚಿ ಉಜ್ಜಿಸಿದ್ದೀವಿ. ಬೇರೆ ಎಲ್ಲದಕ್ಕೂ ವಾರಕ್ಕೆ ಎರಡೇ ಅನ್ನೋ ನಿಯಮ ಹಾಗೇ ಇದೆ.

ಎಲ್ಲರೂ ಒಪ್ಪಿದ್ದಾರೆ ಅಂದುಕೋಬೇಡಿ. "ಆರು ಗಂಟೆ ಸ್ಲಾಟ್ ಆಫೀಸಿಗೆ ಹೋಗೋರಿಗೂ ಬೇಕು" ಅಂತ ನನ್ನ ವಯಸ್ಸಿನವರೇ ಗೊಣಗ್ತಾರೆ. ಅವರದ್ದೂ ಸುಳ್ಳಲ್ಲ. ಕ್ಯಾಬು ಏಳೂವರೆಗೆ ಬರೋರಿಗೆ ಎಂಟು ಗಂಟೆ ಸ್ಲಾಟ್ ತಗೊಂಡು ಏನು ಮಾಡ್ಬೇಕು? ಎರಡು ಕೋರ್ಟನ್ನ ಎಳೆದು ಮೂರು ಮಾಡೋಕೆ ಆಗಲ್ಲ. ಅವರು ಎದುರು ಸಿಕ್ಕಾಗ ಇನ್ನೂ ಸರಿಯಾದ ಉತ್ತರ ನನ್ನ ಹತ್ರ ಇಲ್ಲ.

ಭಾನುವಾರ ಅಂಕಲ್ ಬರ್ತಾರೆ. ಕೆಂಪು ಚೆಂಡು ಕಂಡ್ರೆ ಈಗಲೂ ಮುಖ ಗಂಟು ಹಾಕ್ತಾರೆ, "ಇದೇನು ಟೊಮ್ಯಾಟೊ?" ಅಂತ. ಆದ್ರೆ ಮಣಿಕಟ್ಟು ವಾಸಿಯಾಗಿ ವಾಪಸ್ ಬಂದ ಆ ಹುಡುಗಿಗೆ ಬ್ಯಾಕ್‌ಹ್ಯಾಂಡ್ ಹೇಳಿಕೊಡ್ತಿರೋದು ಅವರೇ.

ಈ ವಾರ ನನ್ನ ಮೇಜಿನ ಮೇಲೆ ಹೊಸ ಅರ್ಜಿ ಬಂದಿದೆ, 40 ಸಹಿ. ಎರಡನೇ ಕೋರ್ಟಿನ ಮೇಲೆ ಪಿಕಲ್‌ಬಾಲ್ ಗೆರೆ ಹಾಕಿಸಬೇಕಂತೆ. ಅದರ ಕೋರ್ಟು 44 ಅಡಿಗೆ 20 ಅಡಿ ಅಷ್ಟೇ, ಒಂದು ಟೆನಿಸ್ ಕೋರ್ಟಿನ ಆವರಣದಲ್ಲಿ ನಾಲ್ಕು ಹಿಡಿಸುತ್ತೆ. ಲೆಕ್ಕ ಹಾಕಿದ್ರೆ ಅವರದ್ದೇ ಸರಿ. ಗಟ್ಟಿ ಪ್ಲಾಸ್ಟಿಕ್ ಚೆಂಡಿನ ಟಕ್ ಟಕ್ ಸದ್ದಿಗೆ ಪಕ್ಕದ ಬ್ಲಾಕಿನವರು ಈಗಲೇ ಆಕ್ಷೇಪ ಎತ್ತಿದ್ದಾರೆ, ಅವರದ್ದೂ ಸರಿ.

ಅರ್ಜಿಯನ್ನ ಅಂಕಲ್‌ಗೆ ತೋರಿಸಿದೆ. ಕನ್ನಡಕ ಏರಿಸಿ ಎಲ್ಲಾ ಸಹಿಗಳನ್ನೂ ಓದಿದರು. ಬೈತಾರೆ ಅಂದುಕೊಂಡಿದ್ದೆ.

"ಹಾಕಿಸಮ್ಮಾ, ಆಡಲಿ" ಅಂದರು. "ಆದ್ರೆ ಇವರಲ್ಲಿ ಐದೂವರೆಗೆ ಬಂದು ನೀರು ತಳ್ಳೋರು ಯಾರು ಅಂತ ಕೇಳಿಟ್ಕೋ."

ಸಭೆ ಮುಂದಿನ ಶನಿವಾರ. ಎಕ್ಸೆಲ್‌ನಲ್ಲಿ ಹೊಸ ಕಾಲಮ್ ಸೇರಿಸಿದ್ದೀನಿ. ಸದ್ಯಕ್ಕೆ ಅದರಲ್ಲಿ ಒಂದು ಹೆಸರಿದೆ. ಅದು ನನ್ನದೇ. ಅಲಾರಂ 5:15ಕ್ಕೆ ಇಟ್ಟಿದ್ದೀನಿ, ನೋಡೋಣ.