ಕಲಿತ ಭಾಷೆಯಲ್ಲಿ ಸಿಟ್ಟು

ಇಂಗ್ಲಿಷ್ ಕಲಿಸುವ ಪಠ್ಯಪುಸ್ತಕಗಳನ್ನು ತೆರೆದು ನೋಡಿದರೆ ಅವುಗಳಲ್ಲಿ ಬರುವ ಮನುಷ್ಯರು ಸಾಮಾನ್ಯವಾಗಿ ಪ್ರಸನ್ನಚಿತ್ತರು. ಅವರು ದಾರಿ ಕೇಳುತ್ತಾರೆ, ಹಣ್ಣು ಕೊಳ್ಳುತ್ತಾರೆ, ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ, ವಂದನೆ ಸಲ್ಲಿಸುತ್ತಾರೆ, ಕ್ಷಮೆ ಯಾಚಿಸುತ್ತಾರೆ. ಸಿಟ್ಟಾಗುವುದು ಮಾತ್ರ ಅಪರೂಪ. ಆದರೆ ರಾಯಚೂರಿನಿಂದಲೋ ಕಾರ್ಕಳದಿಂದಲೋ ಹೊರಟು ದಿಲ್ಲಿ, ಪುಣೆ, ಹೈದರಾಬಾದುಗಳಿಗೆ ಬಂದಿಳಿಯುವ ನಮ್ಮ ತರುಣ ತರುಣಿಯರಿಗೆ ಇಂಗ್ಲಿಷಿನ ನಿಜವಾದ ಅಗತ್ಯ ಬೀಳುವುದು ಹಣ್ಣು ಕೊಳ್ಳುವಾಗಲ್ಲ. ಅದಕ್ಕೆ ಅರೆಬರೆ ಹಿಂದಿಯೋ ಕೈಸನ್ನೆಯೋ ಸಾಕು. ಮುಂಗಡದ ಹಣವನ್ನು ಹಿಂದಿರುಗಿಸದ ಮನೆಯೊಡೆಯ, ಲೆಕ್ಕ ತಪ್ಪಿದ ಆಸ್ಪತ್ರೆಯ ಬಿಲ್ಲು, ಇನ್ನೊಬ್ಬರ ತಪ್ಪನ್ನು ತಮ್ಮ ತಲೆಗೆ ಕಟ್ಟುವ ಮೇಲಧಿಕಾರಿ, ಇಂತಹ ಸಂದರ್ಭಗಳಲ್ಲಿ ಆ ಭಾಷೆ ಬೇಕಾಗುತ್ತದೆ. ಅಂದರೆ ಸಿಟ್ಟು ಬಂದಾಗ. ಆ ಗಳಿಗೆಗೆ ಅವರು ಓದಿದ ಪಾಠಗಳು ಅವರನ್ನು ಸಿದ್ಧಗೊಳಿಸಿರುವುದಿಲ್ಲ. ಸಿಟ್ಟನ್ನು ಹದವರಿತು ನುಡಿಯುವುದು ಭಾಷಾಶಿಕ್ಷಣದ ಮುಖ್ಯ ಅಂಗವೆಂದು ನಾವು ಒಪ್ಪಿಕೊಳ್ಳಬೇಕು, ಅದನ್ನು ಕಲಿಸುವ ಹೊಣೆಯನ್ನು ನಮ್ಮ ಹೊರನಾಡ ಸಂಘಗಳು ಹೊರಬೇಕು ಎಂಬುದು ಈ ಲೇಖನದ ವಾದ.

ಕನ್ನಡದ ಮಟ್ಟಿಗೆ ಈ ವಿದ್ಯೆಯನ್ನು ನಾವು ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ ಕಲಿತವರು. ಮುನಿಸು, ಸೆಡವು, ಸಿಟ್ಟು, ಕೋಪ, ರೋಷ, ಕ್ರೋಧ, ಆಕ್ರೋಶ, ಇವು ಒಂದೇ ಅರ್ಥದ ಏಳು ಪದಗಳಲ್ಲ. ಇಂದಿನ ಬಳಕೆಯಲ್ಲಿ ಮುನಿಸು ಪ್ರೀತಿಯಿರುವ ಕಡೆಯೇ ಹುಟ್ಟುತ್ತದೆ. ಗಂಡಹೆಂಡಿರ ನಡುವೆ, ಗೆಳೆಯರ ನಡುವೆ ಇರುವುದು ಮುನಿಸು. ಬಾಡಿಗೆಮನೆಯ ಒಡೆಯನ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ರೋಷಕ್ಕೆ ಆತ್ಮಗೌರವದ ನಂಟಿದೆ. ಆದುದರಿಂದಲೇ ‘ರೋಷವಿಲ್ಲದವನು’ ಎಂಬುದು ನಮ್ಮಲ್ಲಿ ಹೊಗಳಿಕೆಯಲ್ಲ, ಬೈಗುಳ. ಇವೆಲ್ಲಕ್ಕಿಂತ ಸೂಕ್ಷ್ಮವಾದ ಸಾಧನ ಸರ್ವನಾಮ. ‘ನೀವು’ ಎನ್ನುತ್ತಿದ್ದವರು ‘ನೀನು’ ಎಂದೊಡನೆ ಎದುರಿಗಿದ್ದವನಿಗೆ ಎಚ್ಚರಿಕೆ ತಲುಪುತ್ತದೆ. ಮಗನನ್ನು ಸದಾ ಏಕವಚನದಲ್ಲಿ ಕರೆಯುವ ತಾಯಿ ಒಂದು ದಿನ ‘ತಾವು ದೊಡ್ಡವರಾಗಿಬಿಟ್ಟಿರಿ’ ಎಂದರೆ ಅದು ಏಟಿಗಿಂತ ಹೆಚ್ಚು ನೋಯಿಸುತ್ತದೆ. ದನಿಯೆತ್ತದೆ, ಒಂದೂ ಕೆಟ್ಟ ಮಾತನ್ನಾಡದೆ ಸಿಟ್ಟು ತನ್ನ ಕೆಲಸ ಮಾಡಿ ಮುಗಿಸಿರುತ್ತದೆ.

ಇಂಗ್ಲಿಷಿಗೆ ಬಂದೊಡನೆ ಈ ಸಾಧನಗಳು ಕೈತಪ್ಪುತ್ತವೆ. ಅಲ್ಲಿ ಎಲ್ಲರಿಗೂ ಒಂದೇ ‘ಯೂ’. ಹಾಗೆಂದು ಆ ಭಾಷೆ ಬಡವಾದುದೇನಲ್ಲ. ಅದರ ಸಾಧನಗಳು ಬೇರೆ ಕಡೆ ಇವೆ. ‘ಐ ಆಮ್ ಅಫ್ರೇಡ್’ ಎಂದು ಆರಂಭವಾಗುವ ವಾಕ್ಯದಲ್ಲಿ ಅನೇಕ ವೇಳೆ ಭಯದ ಸುಳಿವೂ ಇರುವುದಿಲ್ಲ, ಇರುವುದು ನಿರಾಕರಣೆ. ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದ ಮೇಲೆ ಬರುವುದು ಸಾಮಾನ್ಯವಾಗಿ ಖಂಡನೆ. ‘ಅನಾಯ್ಡ್’ ಎಂದರೆ ಕಿರಿಕಿರಿ, ‘ಅಪ್‌ಸೆಟ್’ ಎಂಬುದರಲ್ಲಿ ನೋವೂ ಬೆರೆತಿರುತ್ತದೆ, ‘ಫ್ಯೂರಿಯಸ್’ ಎಂಬುದು ಉರಿದೆದ್ದ ಸ್ಥಿತಿ. ‘ಮ್ಯಾಡ್’ ಎಂಬ ಪದಕ್ಕೆ ಅಮೆರಿಕದಲ್ಲಿ ಸಿಟ್ಟಾದವನೆಂಬ ಅರ್ಥ ರೂಢಿಯಲ್ಲಿದ್ದರೆ, ಬ್ರಿಟನ್ನಿನಲ್ಲಿ ಮುಖ್ಯವಾಗಿ ಹುಚ್ಚನೆಂಬ ಅರ್ಥ. ಈ ಮೆಟ್ಟಿಲುಗಳನ್ನು ಯಾರೂ ತೋರಿಸಿಕೊಡದೆ ಹೋದಾಗ ಕಲಿಯುವವನಿಗೆ ಉಳಿಯುವ ದಾರಿಗಳು ಎರಡೇ: ನುಂಗಿಕೊಂಡು ಸುಮ್ಮನಿರುವುದು, ಇಲ್ಲವೆ ಸಿನಿಮಾಗಳಿಂದ ಹೆಕ್ಕಿಕೊಂಡ ಬೈಗುಳವನ್ನು ಎಸೆಯುವುದು.

ಹೀಗೆ ಎಸೆದವನಿಗೆ ಕಲ್ಲಿನ ತೂಕ ತಿಳಿದಿರುವುದಿಲ್ಲ ಎಂಬುದು ಇನ್ನೊಂದು ತೊಡಕು. ಬಾಸ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಟರ್ಕಿ ಭಾಷೆಯನ್ನು ತಾಯ್ನುಡಿಯಾಗಿ ಪಡೆದು ಇಂಗ್ಲಿಷನ್ನು ಅನಂತರ ಕಲಿತವರಿಗೆ ಎರಡೂ ಭಾಷೆಗಳ ಬೈಗುಳಗಳನ್ನೂ ಗದರಿಕೆಯ ಮಾತುಗಳನ್ನೂ ಒಡ್ಡಿ, ಅವರ ಚರ್ಮದಲ್ಲಿ ಉಂಟಾಗುವ ಸೂಕ್ಷ್ಮ ವಿದ್ಯುತ್ ವ್ಯತ್ಯಾಸವನ್ನು ಅಳೆಯಲಾಯಿತು. ತಾಯ್ನುಡಿಯ ಮಾತುಗಳಿಗೆ ದೇಹ ಹೆಚ್ಚು ತೀವ್ರವಾಗಿ ಸ್ಪಂದಿಸಿತ್ತು. ಇದರಿಂದ ನಾವು ತೆಗೆಯಬಹುದಾದ ಪಾಠ ಸರಳವಾದುದು. ಕಲಿತ ಭಾಷೆಯ ಬಿರುನುಡಿ ಆಡುವವನ ನಾಲಗೆಗೆ ಹಗುರವಾಗಿ ತೋರುತ್ತದೆ; ಅದನ್ನೇ ತಾಯ್ನುಡಿಯಾಗಿ ಉಳ್ಳ ಕೇಳುಗನಿಗೆ, ಅಥವಾ ಅದನ್ನು ಅಧಿಕಾರದ ಭಾಷೆಯಾಗಿ ರೂಢಿಸಿಕೊಂಡವನಿಗೆ, ಅದು ಪೂರ್ತಿ ತೂಕದೊಡನೆ ತಾಗುತ್ತದೆ.

ಇದರ ಪರಿಣಾಮವೇನೆಂಬುದನ್ನು ಕಡತಗಳ ನಡುವೆ ಮೂರು ದಶಕ ಕಳೆದ ನನ್ನಂತಹವರು ಬಲ್ಲರು. ಉತ್ತರ ಕರ್ನಾಟಕದ ಹಳ್ಳಿಯೊಂದರಿಂದ ಬಂದ ತರುಣ ಸಹಾಯಕನೊಬ್ಬನ ಹೆಸರು ಜ್ಯೇಷ್ಠತಾ ಪಟ್ಟಿಯಲ್ಲಿ ತಪ್ಪಾದ ಸ್ಥಾನದಲ್ಲಿ ಸೇರಿತ್ತು. ತಪ್ಪು ಕಚೇರಿಯದು. ಎರಡು ವರ್ಷ ಅವನು ಬಾಯಿಮಾತಿನಲ್ಲಿ ವಿನಂತಿಸಿಕೊಂಡ. ‘ನೋಡೋಣ’ ಎಂಬ ಉತ್ತರಕ್ಕಿಂತ ಹೆಚ್ಚಿನದು ದೊರೆಯಲಿಲ್ಲ. ಕೊನೆಗೊಂದು ದಿನ ಇಂಗ್ಲಿಷಿನಲ್ಲಿ ಅರ್ಜಿ ಬರೆದ. ಅದರಲ್ಲಿ ‘ಯೂ ಪೀಪಲ್’ ಎಂಬ ಸಂಬೋಧನೆಯಿತ್ತು, ‘ಚೀಟಿಂಗ್’ ಎಂಬ ಆರೋಪವಿತ್ತು, ‘ಐ ಡಿಮಾಂಡ್’ ಎಂಬ ಕ್ರಿಯಾಪದವಿತ್ತು. ಕನ್ನಡದಲ್ಲಿ ಅವನ ಮನಸ್ಸಿನಲ್ಲಿದ್ದದ್ದು ‘ನನಗೆ ಅನ್ಯಾಯವಾಗಿದೆ, ಸರಿಪಡಿಸಿಕೊಡಿ’ ಎಂಬಷ್ಟೇ. ವಾರದೊಳಗೆ ಅವನಿಂದ ವಿವರಣೆ ಕೇಳಿ ಜ್ಞಾಪನ ಹೊರಟಿತು. ಅಲ್ಲಿಂದ ಮುಂದೆ ಕಡತದ ವಿಷಯವೇ ಬದಲಾಯಿತು. ಪಟ್ಟಿಯ ತಪ್ಪು ಹಿಂದೆ ಸರಿದು ಅರ್ಜಿಯ ಭಾಷೆ ಮುಂದೆ ಬಂತು. ದೂರುದಾರ ಆಪಾದಿತನಾದ. ‘ಬಡವನ ಕೋಪ ದವಡೆಗೆ ಮೂಲ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅದೇ ಕಚೇರಿಗಳಲ್ಲಿ ಸಿಟ್ಟಿಗೆ ಸ್ಥಾನವಿಲ್ಲವೆಂದು ಇದರ ಅರ್ಥವಲ್ಲ. ಬೇರೊಬ್ಬರ ಟಿಪ್ಪಣಿಯಲ್ಲಿನ ತಪ್ಪನ್ನು ಎತ್ತಿ ತೋರಿಸುವಾಗ ಸೌಜನ್ಯದ, ಸಂಯಮದ ಭಾಷೆಯನ್ನು ಬಳಸಬೇಕು, ವೈಯಕ್ತಿಕ ಟೀಕೆ ಇರಕೂಡದು ಎಂದು ಕೇಂದ್ರ ಸಚಿವಾಲಯದ ಕಾರ್ಯವಿಧಾನ ಕೈಪಿಡಿ ವಿಧಿಸುತ್ತದೆ. ತಪ್ಪನ್ನು ತೋರಿಸಬೇಡಿ ಎಂದು ಅದು ಹೇಳುವುದಿಲ್ಲ. ಈ ಚೌಕಟ್ಟಿನೊಳಗೇ ಅನುಭವಸ್ಥ ಅಧಿಕಾರಿಗಳು ಎಂತೆಂತಹ ಕದನಗಳನ್ನು ನಡೆಸುತ್ತಾರೆಂಬುದು ಬಲ್ಲವರಿಗೆ ಗೊತ್ತು. ‘ಈ ಬಗೆಗೆ ಬರೆಯದೆ ವಿಧಿಯಿಲ್ಲವಾಗಿದೆ’ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ ಸಾಲು ಸಾಲು ಬೈಗುಳಗಳಿಗಿಂತ ಹೆಚ್ಚು ಬಿಸಿಯನ್ನು ಮುಟ್ಟಿಸಬಲ್ಲದು.

ಕಲಿತ ಭಾಷೆಯಲ್ಲಿ ಸಿಟ್ಟನ್ನು ಹೇಳಿದ ಹಿರಿಯ ಮಾದರಿಗಳು ನಮ್ಮ ದೇಶದ ಚರಿತ್ರೆಯಲ್ಲೇ ಇವೆ. 1893ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೊದಲ ದರ್ಜೆಯ ಟಿಕೆಟ್ ಕೈಯಲ್ಲಿದ್ದ ತರುಣ ಗಾಂಧಿಯನ್ನು ರೈಲಿನಿಂದ ಹೊರದಬ್ಬಲಾಯಿತು. ಚಳಿಯ ರಾತ್ರಿಯನ್ನು ಅಲ್ಲೇ ಕಳೆದ ಅವರು ಬೆಳಗಾದೊಡನೆ ರೈಲ್ವೆಯ ಜನರಲ್ ಮ್ಯಾನೇಜರರಿಗೆ ದೀರ್ಘವಾದ ತಂತಿ ಕಳುಹಿಸಿದರು. ತಳ್ಳಿದ ಪೊಲೀಸಿನವನೊಡನೆ ಕಾದಾಡಲಿಲ್ಲ; ಉತ್ತರ ಕೊಡಬೇಕಾದವನು ಯಾರೆಂದು ಗುರುತಿಸಿದರು. 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಅನಂತರ ರವೀಂದ್ರನಾಥ ಠಾಕೂರರು ವೈಸರಾಯ್ ಚೆಲ್ಮ್ಸ್‌ಫರ್ಡರಿಗೆ ಬರೆದ ಪತ್ರವಂತೂ ಈ ದೃಷ್ಟಿಯಿಂದ ತರಗತಿಗಳಲ್ಲಿ ಓದಿಸತಕ್ಕದ್ದು. ಅದರಲ್ಲಿ ಮೊದಲು ಪಂಜಾಬಿನಲ್ಲಿ ನಡೆದುದು ಏನೆಂಬ ನಿರೂಪಣೆಯಿದೆ; ಅನಂತರ ಅದು ದೇಶದ ಜನರನ್ನು ಎಂತಹ ಅವಮಾನಕ್ಕೆ ಗುರಿಮಾಡಿತೆಂಬ ಮಾತಿದೆ; ಕೊನೆಗೆ 1915ರಲ್ಲಿ ತಮಗೆ ನೀಡಿದ ನೈಟ್ ಪದವಿಯಿಂದ ಬಿಡುಗಡೆ ಮಾಡಬೇಕೆಂಬ ಒಂದೇ ಒಂದು ಕೋರಿಕೆಯಿದೆ. ಆ ಪದವಿ ದೊರೆತಾಗ ವೈಸರಾಯ್ ಆಗಿದ್ದವರ ಬಗೆಗೆ ಗೌರವದ ಮಾತನ್ನೂ ಅವರು ಮರೆಯುವುದಿಲ್ಲ. ಸಿಟ್ಟು ಯಾರ ಮೇಲೆ, ಯಾವುದರ ಮೇಲೆ, ಎಷ್ಟು ಎಂಬುದನ್ನು ಬರೆಯುವವನು ಅರಿತಿದ್ದಾನೆ. ಆ ಪತ್ರದ ವಿನಯದಿಂದ ಸಿಟ್ಟು ಕಡಿಮೆಯಾಯಿತೆಂದು ಯಾರೂ ಹೇಳಲಾರರು.

ಕೋಪವನ್ನು ಗೆಲ್ಲಬೇಕೇ ಹೊರತು ಕಲಿಸಬೇಕೆ ಎಂಬ ಆಕ್ಷೇಪ ಸಹಜವಾದುದು. ಅರಿಷಡ್ವರ್ಗಗಳಲ್ಲಿ ಎರಡನೆಯದೇ ಕ್ರೋಧ. ಬಸವಣ್ಣನವರು ಬೇಡವೆಂದ ನಡೆಗಳಲ್ಲಿ ಮುನಿಯುವುದೂ ಒಂದು. ಆದರೆ ಗೆಲ್ಲುವುದಕ್ಕೂ ಹೆಸರಿಡುವುದೇ ಮೊದಲ ಹೆಜ್ಜೆ. ಭಾವನೆಗೆ ತಕ್ಕ ಪದವನ್ನು ಹುಡುಕಿಕೊಟ್ಟಾಗ ಮಿದುಳಿನಲ್ಲಿ ಉದ್ವೇಗಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದರು. ಇದಕ್ಕೆ ವಿರುದ್ಧವಾಗಿ, ಸಿಟ್ಟು ತರಿಸಿದವನನ್ನೇ ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯುವ ಬದಲು ಏರಿತೆಂದು ಬ್ರ್ಯಾಡ್ ಬುಶ್‌ಮನ್ನರ 2002ರ ಪ್ರಯೋಗ ತೋರಿಸಿತು. ಕಾರಿಕೊಳ್ಳುವುದು ಬೇರೆ, ನುಡಿಯುವುದು ಬೇರೆ. ನಾನು ಕಲಿಸಬೇಕೆನ್ನುವುದು ಎರಡನೆಯದನ್ನು.

ಇಲ್ಲಿ ಕನ್ನಡವೇ ನಮಗೆ ನೆರವಾಗಬಲ್ಲದು. ಇಂಗ್ಲಿಷಿನವನು ‘ನಾನು ಸಿಟ್ಟಾಗಿದ್ದೇನೆ’ ಎಂಬ ರೀತಿಯಲ್ಲಿ ಹೇಳುತ್ತಾನೆ. ನಾವು ಹೆಚ್ಚಾಗಿ ‘ನನಗೆ ಸಿಟ್ಟು ಬಂತು’ ಎನ್ನುತ್ತೇವೆ. ನಮ್ಮ ಚತುರ್ಥಿ ವಿಭಕ್ತಿಯಲ್ಲಿ ಸಿಟ್ಟು ಹೊರಗಿನಿಂದ ಬರುವ ಅತಿಥಿ. ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಹೋಗುತ್ತದೆ. ಎದುರಾಳಿಯನ್ನು ದೂಷಿಸುವ ಬದಲು ತನಗೆ ಏನಾಯಿತೆಂದು ಹೇಳುವ ವಾಕ್ಯಗಳನ್ನು ಅಮೆರಿಕದ ಥಾಮಸ್ ಗಾರ್ಡನ್ 1970ರ ತಮ್ಮ ಪುಸ್ತಕದ ಮೂಲಕ ತಾಯಿತಂದೆಯರಿಗೆ ಕಲಿಸಿದರು. ಅಂತಹ ವಾಕ್ಯದ ಒಂದು ಅಚ್ಚು ನಮ್ಮ ವ್ಯಾಕರಣದಲ್ಲೇ ಇದೆ. ‘ನೀನು ಮೋಸಗಾರ’ ಎನ್ನುವುದಕ್ಕೂ ‘ಇದರಿಂದ ನನಗೆ ಅನ್ಯಾಯವಾಗಿದೆ’ ಎನ್ನುವುದಕ್ಕೂ ಇರುವ ಅಂತರವನ್ನು ಕನ್ನಡದಲ್ಲಿ ಮೊದಲು ಮನಗಾಣಿಸಿ, ಆಮೇಲೆ ಇಂಗ್ಲಿಷಿಗೆ ಒಯ್ದರೆ ಕಲಿಯುವವನಿಗೆ ಹಾದಿ ಸುಗಮವಾಗುತ್ತದೆ.

ಆದರೆ ಭಾರವನ್ನೆಲ್ಲ ಕಲಿಯುವವನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಸಭ್ಯ ಭಾಷೆಯೆಂಬುದು ಅನೇಕ ವೇಳೆ ಒಳಗಿರುವವರು ಬಾಗಿಲಿಗೆ ಹಾಕಿಕೊಂಡ ಅಗುಳಿ. ಒರಟು ಇಂಗ್ಲಿಷಿನ ಹಿಂದೆ ನಿಜವಾದ ನೋವಿದೆಯೇ ಎಂದು ನೋಡುವುದು ಓದುವ ಅಧಿಕಾರಿಯ ಧರ್ಮ. ಅರ್ಜಿಯ ಧಾಟಿಗೆ ಉತ್ತರ ಕೇಳುವ ಮೊದಲು ಅರ್ಜಿಯ ವಿಷಯಕ್ಕೆ ಉತ್ತರ ಕೊಡಬೇಕು. ಮೇಲೆ ಹೇಳಿದ ಕಡತದಲ್ಲಿ ಈ ಕ್ರಮವೊಂದನ್ನು ಪಾಲಿಸಿದ್ದರೆ ಒಬ್ಬ ಪ್ರಾಮಾಣಿಕ ನೌಕರನ ಮನಸ್ಸು ಮುರಿಯುತ್ತಿರಲಿಲ್ಲ. ಈ ಅಂಕಣವನ್ನು ಓದುವವರಲ್ಲಿ ಅಧಿಕಾರಸ್ಥಾನದಲ್ಲಿರುವ ಕನ್ನಡಿಗರೂ ಉಂಟು. ಈ ಮಾತು ಅವರಿಗೂ ಸಲ್ಲುತ್ತದೆ.

ಸಂಘಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹಗಲು ಹೋಟೆಲುಗಳಲ್ಲಿ ದುಡಿದವರಿಗೆ ಇರುಳು ಅಕ್ಷರ ಕೊಟ್ಟ ರಾತ್ರಿಶಾಲೆಗಳ ಪರಂಪರೆ ಮುಂಬಯಿ ಕನ್ನಡಿಗರದು. ಅದೇ ಮನೋಧರ್ಮದಿಂದ, ಹೊಸದಾಗಿ ಬಂದವರಿಗೆ ಭಾನುವಾರಗಳಂದು ಎಂಟು ಹತ್ತು ಪಾಠಗಳನ್ನು ನಡೆಸಬಹುದು. ನಡೆದುದೇನು, ಯಾವ ಮಾತು ಅಥವಾ ನಿಯಮ ಮುರಿಯಿತು, ಅದರಿಂದ ನನಗಾದುದೇನು, ನನಗೆ ಏನು ಎಂದಿನೊಳಗೆ ಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಉತ್ತರ ಬರೆಯಿಸಬೇಕು. ಬರೆದುದನ್ನು ಒಂದು ರಾತ್ರಿ ಇಟ್ಟು ಮರುದಿನ ಓದಿಸಬೇಕು. ನಿವೃತ್ತರಾದ ಶಿಕ್ಷಕರು, ವಕೀಲರು, ಕಚೇರಿಯ ಅನುಭವವುಳ್ಳವರು ನಮ್ಮ ಸಂಘಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ರಾಜ್ಯೋತ್ಸವದ ಕಾರ್ಯಕ್ರಮಗಳನ್ನು ಯೋಜಿಸುವಷ್ಟೇ ಶ್ರದ್ಧೆಯಿಂದ ಮುಂದಿನ ಕಾರ್ಯಕಾರಿ ಸಮಿತಿ ಈ ಪಾಠಗಳನ್ನೂ ಯೋಜಿಸಲಿ.