ಪ್ರಾಧ್ಯಾಪಕರಿಗೇಕೆ ಕಾರ್ಮಿಕ ಸಂಘ?

ಕಾರ್ಖಾನೆಯೊಂದರಲ್ಲಿ ಕಾರ್ಮಿಕ ಸಂಘದ ಅಳಿವು ಉಳಿವಿನ ಪ್ರಶ್ನೆ ಎದ್ದರೆ ಯಾರಿಗೂ ಅಚ್ಚರಿಯಾಗದು. ಅದೇ ಪ್ರಶ್ನೆ ವಿಶ್ವವಿದ್ಯಾಲಯದಲ್ಲಿ ಎದ್ದರೆ, ‘ಪಾಠ ಹೇಳುವವರಿಗೆ ಯೂನಿಯನ್ ಏಕೆ?’ ಎಂಬ ಮಾತೇ ಮೊದಲು ಕೇಳಿಬರುತ್ತದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರು 2023ರಲ್ಲಿ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾಯಿತು. ಅದು ಅವರಾಗಿ ಎತ್ತಿದ ಪ್ರಶ್ನೆಯಲ್ಲ, ಕಾನೂನೊಂದು ಅವರ ಮೇಲೆ ಹೇರಿದ್ದು.

ಆ ವರ್ಷದ ಮೇ ತಿಂಗಳಲ್ಲಿ ರಾಜ್ಯಪಾಲ ರಾನ್ ಡಿಸಾಂಟಿಸ್ ಸಹಿ ಮಾಡಿದ ಆ ಕಾನೂನು ಸರ್ಕಾರಿ ನೌಕರರ ಸಂಘಗಳಿಗೆ ಹೊಸ ಷರತ್ತು ವಿಧಿಸಿತು. ಸಂಘ ಪ್ರತಿನಿಧಿಸುವ ನೌಕರರಲ್ಲಿ ಕನಿಷ್ಠ ಶೇ 60ರಷ್ಟು ಮಂದಿ ವಂತಿಗೆ ಕೊಡುವ ಸದಸ್ಯರಾಗಿರಬೇಕು, ಇಲ್ಲವಾದರೆ ಮಾನ್ಯತೆ ಉಳಿಸಿಕೊಳ್ಳಲು ಮತ್ತೆ ಚುನಾವಣೆಗೆ ಹೋಗಬೇಕು. ವಂತಿಗೆಯನ್ನು ಸಂಬಳದಲ್ಲೇ ಹಿಡಿದುಕೊಳ್ಳುವ ಅನುಕೂಲವನ್ನೂ ರದ್ದು ಮಾಡಲಾಯಿತು. ಪೊಲೀಸ್, ಅಗ್ನಿಶಾಮಕ ಮೊದಲಾದ ಕೆಲವು ಸಿಬ್ಬಂದಿಯ ಸಂಘಗಳಿಗೆ ವಿನಾಯಿತಿ ದೊರೆಯಿತು. ಒಂದು ನಿಯಮ ಅಷ್ಟು ಒಳ್ಳೆಯದಾಗಿದ್ದರೆ ಅದರಿಂದ ಕೆಲವರನ್ನು ಮಾತ್ರ ಏಕೆ ಕಾಪಾಡಬೇಕಾಯಿತು ಎಂದು ಆಡಳಿತದ ಅನುಭವವಿರುವ ಯಾರಿಗಾದರೂ ಅನಿಸದೆ ಇರದು.

ಶೇ 60 ಎಂಬುದು ಮೇಲ್ನೋಟಕ್ಕೆ ಪ್ರಜಾಸತ್ತಾತ್ಮಕವಾಗಿಯೇ ಕಾಣುತ್ತದೆ. ಆದರೆ ಅದರ ಹಿಂದಿನ ಅರ್ಥಶಾಸ್ತ್ರವನ್ನು ಗಮನಿಸಬೇಕು. ಫ್ಲಾರಿಡಾದಲ್ಲಿ ಸಂಘಕ್ಕೆ ಸೇರಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಆದರೂ ಸಂಘ ಮಾಡಿಕೊಂಡ ವೇತನ ಒಪ್ಪಂದದ ಫಲ ಸದಸ್ಯರಲ್ಲದವರಿಗೂ ಸಿಗುತ್ತದೆ. ಇಂತಹ ಸ್ಥಿತಿಯಲ್ಲಿ ವಂತಿಗೆ ಉಳಿಸಿ ಫಲ ಪಡೆಯುವುದೇ ವ್ಯಕ್ತಿಗೆ ಲಾಭದಾಯಕ. ಎಲ್ಲರೂ ಹಾಗೆಯೇ ಯೋಚಿಸಿದರೆ ಫಲವೇ ಇಲ್ಲವಾಗುತ್ತದೆ. ಮ್ಯಾನ್ಸರ್ ಓಲ್ಸನ್ ಎಂಬ ಅರ್ಥಶಾಸ್ತ್ರಜ್ಞ 1965ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ವಿವರಿಸಿದ್ದು ಇದನ್ನೇ. ಫ್ಲಾರಿಡಾದ ಕಾನೂನು ಈ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲದು. ಸಂಘವನ್ನು ಅದು ನಿಷೇಧಿಸಲಿಲ್ಲ. ಸಾಮೂಹಿಕ ಚೌಕಾಶಿಯ ಹಕ್ಕು ಆ ರಾಜ್ಯದ ಸಂವಿಧಾನದಲ್ಲೇ ಇರುವುದರಿಂದ ನಿಷೇಧಿಸುವುದು ಸುಲಭವೂ ಅಲ್ಲ. ಸುಮ್ಮನೆ ಕುಳಿತವರನ್ನೆಲ್ಲ ಸಂಘದ ವಿರೋಧಿಗಳೆಂದು ಅದು ಎಣಿಸಿತು, ಅಷ್ಟೆ.

ಹಾಗೆಂದು ಸಂಘ ಬೇಡವೆನ್ನುವ ಅಧ್ಯಾಪಕರ ವಾದವನ್ನು ತಳ್ಳಿಹಾಕುವಂತಿಲ್ಲ. ಪ್ರಾಧ್ಯಾಪಕ ಕೂಲಿಯಾಳಲ್ಲ, ಪಠ್ಯಕ್ರಮ, ಪರೀಕ್ಷೆ, ನೇಮಕ ಎಲ್ಲದರಲ್ಲೂ ಅವನ ಮಾತು ನಡೆಯುತ್ತದೆ, ಆಡಳಿತದಲ್ಲಿ ಪಾಲುದಾರನಾದವನು ಅದರ ಎದುರು ಕುಳಿತು ಚೌಕಾಶಿ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ಯೆಶಿವಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 5–4ರ ಬಹುಮತದಿಂದ ಇದೇ ವಾದವನ್ನು ಎತ್ತಿಹಿಡಿಯಿತು. ಆ ಖಾಸಗಿ ವಿಶ್ವವಿದ್ಯಾಲಯದ ಅಧ್ಯಾಪಕರು ವ್ಯವಸ್ಥಾಪಕ ವರ್ಗಕ್ಕೆ ಸೇರಿದವರು, ಕಾರ್ಮಿಕ ಕಾನೂನಿನ ರಕ್ಷಣೆ ಅವರಿಗಿಲ್ಲ ಎಂದಿತು.

ನಮ್ಮ ದೇಶದಲ್ಲಿ ನ್ಯಾಯಾಲಯಗಳು ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದವು. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಯೂ ‘ಉದ್ಯಮ’ವೇ ಎಂದಿತು. ಹತ್ತು ವರ್ಷಗಳ ನಂತರ, 1988ರ ಸುಂದರಾಂಬಾಳ್ ಪ್ರಕರಣದಲ್ಲಿ, ಶಿಕ್ಷಕರು ಮಾತ್ರ ‘ಕಾರ್ಮಿಕ’ರಲ್ಲ, ಅವರದು ಉದಾತ್ತ ವೃತ್ತಿ ಎಂದಿತು. ಉದ್ಯಮವಿದೆ, ಅದರ ಮುಖ್ಯ ಕೆಲಸ ಮಾಡುವವರು ಮಾತ್ರ ಕಾರ್ಮಿಕರಲ್ಲ! ಗೌರವದ ಮಾತು ಎಷ್ಟೋ ಸಲ ಹಕ್ಕಿಗೆ ಬದಲಿಯಾಗಿ ಬಂದುಬಿಡುತ್ತದೆ.

ಉದಾತ್ತ ವೃತ್ತಿಯವರೆಲ್ಲರ ಸ್ಥಿತಿಯೂ ಒಂದೇ ಅಲ್ಲ. ಸೇವಾ ಭದ್ರತೆಯುಳ್ಳ ಹಿರಿಯ ಪ್ರಾಧ್ಯಾಪಕರಿಗೆ ಯೂನಿಯನ್ ಇಲ್ಲದಿದ್ದರೂ ನಡೆದೀತು. ಆದರೆ ಸೆಮಿಸ್ಟರ್ ಲೆಕ್ಕದಲ್ಲಿ ಪಾಠ ಹೇಳುವ ಅರೆಕಾಲಿಕ ಬೋಧಕನ ಮಾತು ಯಾವ ಆಡಳಿತದಲ್ಲಿ ನಡೆಯುತ್ತದೆ? ಫ್ಲಾರಿಡಾದಲ್ಲಿ ಮಾನ್ಯತೆ ಕಳೆದುಕೊಂಡ ಸಂಘಗಳಲ್ಲಿ ಇಂತಹ ಬೋಧಕರವೂ ಇದ್ದವು. ಇಂದು ಈ ಕಾಲೇಜು, ನಾಳೆ ಇನ್ನೊಂದು ಎಂದು ಅಲೆಯುವವರಿಂದ ಶೇ 60ರ ಸದಸ್ಯತ್ವ ಕೂಡಿಸುವುದು ಸುಲಭವಲ್ಲ. ಸಂಘದ ಅಗತ್ಯ ಹೆಚ್ಚಿರುವ ಕಡೆಯೇ ಅದನ್ನು ಉಳಿಸಿಕೊಳ್ಳುವ ಶಕ್ತಿ ಕಡಿಮೆ.

ನಮ್ಮಲ್ಲಿ ಈ ಸ್ಥಾನದಲ್ಲಿರುವವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು. ‘ಅತಿಥಿ’ ಎಂಬ ಹೆಸರಿನಲ್ಲೇ ವ್ಯಂಗ್ಯವಿದೆ. ಎಷ್ಟೋ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುವುದೇ ಅವರಿಂದ. ತಿಂಗಳಿಗೆ 11 ಸಾವಿರ, 13 ಸಾವಿರ ರೂಪಾಯಿಯಿದ್ದ ಅವರ ಗೌರವಧನ 2022ರ ಜನವರಿಯಲ್ಲಿ 26 ಸಾವಿರದಿಂದ 32 ಸಾವಿರದವರೆಗೆ ಏರಿದ್ದು ತರಗತಿ ಬಹಿಷ್ಕರಿಸಿ ಬೀದಿಗಿಳಿದ ಮೇಲೆ. ಅದರ ಜೊತೆಯಲ್ಲೇ ವಾರದ ಬೋಧನಾ ಅವಧಿಯನ್ನು 15 ಗಂಟೆಗೆ ಹೆಚ್ಚಿಸಲಾಯಿತು. ಇರುವ ಪಾಠಗಳು ಕಡಿಮೆ ಜನರಿಗೆ ಹಂಚಿಹೋಗುವಾಗ ಉಳಿದವರ ಗತಿಯೇನು ಎಂಬ ಆತಂಕ ಸಹಜವಾಗಿಯೇ ಎದ್ದಿತು. ಸಮಾನವಾಗಿ ಕುಳಿತು ಮಾತನಾಡುವ ಮೇಜು ಇದ್ದಿದ್ದರೆ ಈ ಲೆಕ್ಕ ಅಲ್ಲಿಯೇ ಚರ್ಚೆಗೆ ಬರುತ್ತಿತ್ತು. ಮೇಜು ಇಲ್ಲದ ಕಡೆ ಬೀದಿಯೊಂದೇ ಉಳಿಯುತ್ತದೆ.

ಆ ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತಿದ್ದವನು ನಾನು. ಸೇವೆಯಲ್ಲಿದ್ದಾಗ ಅಧ್ಯಾಪಕರ ಸಂಘವೊಂದರ ಪದಾಧಿಕಾರಿಗಳೊಡನೆ ಮಾತುಕತೆ ನಡೆಸಬೇಕಾಗಿತ್ತು. ಅವರು ತಂದ ಬೇಡಿಕೆಗಳು ಏಳು. ಬಡ್ತಿ, ಬಾಕಿ ವೇತನ, ವರ್ಗಾವಣೆ ಇತ್ಯಾದಿ ಆರು ಕಾಯಂ ಅಧ್ಯಾಪಕರವು. ಏಳನೆಯದು ಮಾತ್ರ ತಾತ್ಕಾಲಿಕ ಉಪನ್ಯಾಸಕರದು. ಮೊದಲ ಆರರಲ್ಲಿ ನಾಲ್ಕಕ್ಕೆ ನಾನು ತಲೆಯಾಡಿಸಿದ ಕೂಡಲೇ ಏಳನೆಯದನ್ನು ಅವರೇ ಕೈಬಿಟ್ಟರು. ‘ಅದನ್ನು ಆಮೇಲೆ ನೋಡೋಣ ಸರ್’ ಎಂದರು. ಕಡತ ಬೇಗ ವಿಲೇವಾರಿಯಾಯಿತೆಂದು ನನಗೂ ಸಮಾಧಾನವಾಯಿತು. ಆ ಸಮಾಧಾನದ ಬಗ್ಗೆ ಈಗ ನನಗೆ ಹೆಮ್ಮೆಯಿಲ್ಲ.

ಸಂಘಗಳ ಮೇಲಿನ ನಿಜವಾದ ಆರೋಪ ಇದು. ಅವು ಬಲಿಷ್ಠವಾಗಿವೆ ಎಂಬುದಲ್ಲ, ಒಳಗಿರುವವರಿಗಷ್ಟೇ ಬಲವಾಗಿವೆ ಎಂಬುದು. ಕಾಯಂ ಅಧ್ಯಾಪಕರು ತಾತ್ಕಾಲಿಕರನ್ನು ಹೊರಗಿಟ್ಟರೆ, ಸಂಖ್ಯೆ ಕೇಳುವ ಕಾನೂನು ಬಂದ ದಿನ ಅವರ ಪಕ್ಕದಲ್ಲಿ ನಿಲ್ಲುವವರಾರು? ಹೊಸ ನೇಮಕಾತಿ ಕುಂಠಿತವಾಗಿ ಅರೆಕಾಲಿಕರು ಹೆಚ್ಚಿದಷ್ಟೂ ಕಾಯಂ ಬೋಧಕರ ಸಂಘ ನಿವೃತ್ತರ ಕ್ಲಬ್ಬಿನಂತಾಗುತ್ತದೆ.

ಆದರೂ ಸಂಘ ಉಳಿಯಬೇಕೆಂಬುದೇ ನನ್ನ ಅಭಿಪ್ರಾಯ. ಫ್ಲಾರಿಡಾದಲ್ಲಿ 2023ರಲ್ಲೇ ಬಂದ ಇನ್ನೊಂದು ಕಾನೂನನ್ನು ನೋಡಿ. ಸಿಬ್ಬಂದಿಗೆ ಸಂಬಂಧಿಸಿದ ನಿರ್ಧಾರಗಳ ವಿರುದ್ಧದ ಮೇಲ್ಮನವಿ ವಿಶ್ವವಿದ್ಯಾಲಯದ ಅಧ್ಯಕ್ಷರಾಚೆ ಹೋಗುವಂತಿಲ್ಲ ಎಂದು ಅದು ವಿಧಿಸಿತು. ಸಂಘದ ಒಪ್ಪಂದದಿಂದ ಅಧ್ಯಾಪಕನಿಗೆ ದೊರೆತಿದ್ದ ಅತಿ ದೊಡ್ಡ ಲಾಭ ಸಂಬಳವಲ್ಲ, ಹೊರಗಿನ ನಿಷ್ಪಕ್ಷಪಾತಿ ಮಧ್ಯಸ್ಥನೊಬ್ಬ ತನ್ನ ಅಹವಾಲು ಕೇಳುತ್ತಾನೆಂಬ ಭರವಸೆ. ಅದರ ಮೇಲೆಯೇ ಕೈ ಬಿತ್ತು. ಅಧಿಕಾರಸ್ಥರಿಗೆ ಅಪ್ರಿಯವಾದ ಪಾಠವನ್ನು ಅಂಜದೆ ಹೇಳಬಲ್ಲವನು ಇಂತಹ ಭರವಸೆ ಇರುವ ಅಧ್ಯಾಪಕ ಮಾತ್ರ. ಆದ್ದರಿಂದ ಇದು ಅಧ್ಯಾಪಕರ ಹಿತದ ಪ್ರಶ್ನೆಯಷ್ಟೇ ಅಲ್ಲ, ವಿದ್ಯಾರ್ಥಿಯ ಹಿತದ ಪ್ರಶ್ನೆಯೂ ಹೌದು.

ಸಂಘ ಬೇಕೇ ಎಂದು ಅಧ್ಯಾಪಕರು ಚರ್ಚಿಸಲಿ, ಅದು ಆರೋಗ್ಯಕರ. ಆದರೆ ಆ ಚರ್ಚೆಗೆ ಕೊಠಡಿಯ ಹೊರಗೆ ನಿಂತ ತಾತ್ಕಾಲಿಕ ಉಪನ್ಯಾಸಕರನ್ನೂ ಕರೆಯಲಿ. ಏಳನೆಯ ಬೇಡಿಕೆ ಪಟ್ಟಿಯ ಮೊದಲಿಗೆ ಬಂದ ದಿನ, ಸಂಘವನ್ನು ಉಳಿಸಿಕೊಳ್ಳಲು ಶೇ 60ರ ಲೆಕ್ಕಕ್ಕೆ ಯಾರೂ ಪರದಾಡಬೇಕಾಗದು.