ಗಡಿಯಾರಕ್ಕಿಂತ ತಟ್ಟೆ ಮುಖ್ಯ

ಏಳು ಗಂಟೆಯ ಮೇಲೆ ಉಂಡರೆ ತೂಕ ಇಳಿಯುವುದಿಲ್ಲವೆಂದು ನಂಬಿ, ರಾತ್ರಿ ಊಟವನ್ನೇ ಬಿಡುವ ಗೆಳತಿಯರು ನಮ್ಮ ಹಾಸ್ಟೆಲ್‌ನಲ್ಲಿ ಬಹಳ. ಓದುತ್ತ ಹನ್ನೊಂದಾಗುವಷ್ಟರಲ್ಲಿ ಹಸಿವು ತಾಳದೆ ಚಿಪ್ಸ್, ಬಿಸ್ಕತ್ ಪೊಟ್ಟಣ ಖಾಲಿ ಮಾಡುತ್ತಾರೆ. ಬಿಟ್ಟ ಊಟದ ಲೆಕ್ಕ ಅಲ್ಲಿಗೆ ಸಮ.

ಹೊತ್ತಿಗೆ ಬೆಲೆ ಇಲ್ಲವೆಂದಲ್ಲ. ಹೆಚ್ಚು ತೂಕದ 16 ಮಂದಿಗೆ ಅದೇ ಊಟವನ್ನು ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟಾಗ ಹಸಿವು ಹೆಚ್ಚಿತು, ದೇಹ ಕ್ಯಾಲೊರಿ ಕರಗಿಸುವುದು ತುಸು ತಗ್ಗಿತು ಎನ್ನುತ್ತದೆ 2022ರಲ್ಲಿ ಪ್ರಕಟವಾದ ಅಮೆರಿಕದ ಬಾಸ್ಟನ್‌ನ ಅಧ್ಯಯನ. ಆದರೂ ದಿನವಿಡೀ ಎಷ್ಟು ತಿಂದೆವು ಎಂಬುದೇ ಮೊದಲ ಲೆಕ್ಕ.

ಎಂಟಕ್ಕೆ ಮೆಸ್‌ನಲ್ಲಿ ಮುದ್ದೆ, ಸೊಪ್ಪಿನ ಸಾರು ಹೊಟ್ಟೆತುಂಬ ಉಣ್ಣೋಣ. ತಡವಾಗಿ ಹಸಿದರೆ ಮಜ್ಜಿಗೆಯೋ ಬಾಳೆಹಣ್ಣೋ ಸಾಕು. ಹೊಟ್ಟೆ ಚುರುಗುಟ್ಟುತ್ತಿದ್ದರೆ ಓದಿದ್ದು ತಲೆಗೆ ಹತ್ತೀತೇ?